ಹೆಬ್ಬೆಟ್ಟಿನ ಸುತ್ತ ಒಂದು ಕೈ

ಸಿದ್ದಾಪುರ
ಭಾನುವಾರ ಸಂಜೆ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಲ್ಲಿ ನೀನು ಅತ್ತಿದ್ದನ್ನು ಅಮ್ಮನಿಗೆ ಹೇಳಿಲ್ಲ. ಹೇಳಿದ್ದರೆ ರಾತ್ರಿ ಬಸ್ಸಿಗೇ ಹೊರಟುಬಿಡುತ್ತಿದ್ದಳು. ಪೇಂಟಿಂಗ್ ಕ್ಲಾಸಲ್ಲಿ ಮೇಷ್ಟ್ರು, ನಿಮ್ಮ ಚಿತ್ರಕ್ಕೆ ಸ್ಫೂರ್ತಿ ಏನು ಅಂತ ಒಂದು ಪುಟ ಬರೆಯಿರಿ ಅಂದರಂತೆ. ನೀನು ಮಂಜು, ಬೆಟ್ಟ, ಕಾಫಿ ಹೂವು ಅಂತ ಬರೆದೆ. ಮೇಷ್ಟ್ರು ಓದಿ "ಹೋಮ್‌ಸ್ಟೇ ಜಾಹೀರಾತಿನ ಹಾಗಿದೆ" ಅಂದರು. ಮಾತು ಒರಟೇ. ಆದರೆ ಬೈಬೇಡ ಮರಿ, ನನಗೂ ಸ್ವಲ್ಪ ನಗು ಬಂತು.

ಅವತ್ತು ನನಗೆ ಏನು ಹೇಳಬೇಕೋ ತೋಚಲಿಲ್ಲ. ಅದಕ್ಕೇ ಈ ವಾರ ತೋಟದ ಮಸ್ಟರ್, ಅದೇ ಕೂಲಿಯವರ ಹಾಜರಿ ಪುಸ್ತಕ, ಬರೆದು ಮುಗಿಸಿದ ಮೇಲೆ ದಿನಾ ಸ್ವಲ್ಪ ಹೊತ್ತು ಕೂತು ಪೇಂಟರ್‌ಗಳ ಬಗ್ಗೆ ಓದಿದೆ. ಚಿತ್ರಗಳನ್ನೆಲ್ಲ ಮೊಬೈಲಲ್ಲೇ ನೋಡಿದ್ದು, ಅಂಗೈ ಅಗಲದಲ್ಲಿ. ತಪ್ಪು ಹೇಳಿದರೆ ತಿದ್ದು.

ಪೇಂಟರ್ ಎಸ್. ಎಚ್. ರಜಾ ಅವರ ‘ಬಿಂದು’ ಚಿತ್ರ ನೋಡಿದಾಗ ಮೊದಲು ನನಗೆ ಏನೂ ಅನ್ನಿಸಲಿಲ್ಲ, ನಿಜ ಹೇಳ್ತೀನಿ. ಒಂದು ಕಪ್ಪು ಉಂಡೆ, ಅಷ್ಟೇ. ಆಮೇಲೆ ಅದರ ಹಿಂದಿನ ಕಥೆ ಓದಿದೆ. ಅವರು ಹುಟ್ಟಿದ್ದು 1922ರಲ್ಲಿ, ಮಧ್ಯಪ್ರದೇಶದ ಕಾಡಿನ ಸೀಮೆಯಲ್ಲಿ. ಅಪ್ಪ ಅರಣ್ಯ ಇಲಾಖೆಯವರು. ಕಾಡಿನ ರಾತ್ರಿ ಹೆದರಿಕೆ ಹುಟ್ಟಿಸುತ್ತಿತ್ತು, ಬೆಳಗಾದರೆ ಜೀವ ಬಂದ ಹಾಗಾಗುತ್ತಿತ್ತು ಅಂತ ಅವರೇ ಹೇಳಿಕೊಂಡಿದ್ದಾರೆ. ಆನೆ ಲೈನ್‌ಮನೆ ಹಿಂದೆ ಬಂದು ಬಾಳೆ ಮುರಿಯುವ ಸದ್ದು ಕೇಳುತ್ತಾ ಮಲಗಿದ ನಿನಗೆ ಇದನ್ನು ಬಿಡಿಸಿ ಹೇಳಬೇಕಾ? ಶಾಲೆಯಲ್ಲಿ ಹುಡುಗನ ಮನಸ್ಸು ನಿಲ್ಲುತ್ತಿರಲಿಲ್ಲ. ಒಬ್ಬ ಮೇಷ್ಟ್ರು ಗೋಡೆ ಮೇಲೆ ಒಂದು ಚುಕ್ಕೆ ಇಟ್ಟು, ಇದನ್ನೇ ನೋಡ್ತಾ ಕೂರು ಅಂದರು. ರಜಾ 1950ರಲ್ಲಿ ಪ್ಯಾರಿಸ್‌ಗೆ ಹೋದರು, ದಶಕಗಟ್ಟಲೆ ಅಲ್ಲೇ ಇದ್ದರು, ಏನೇನೋ ಬರೆದರು. ಕೊನೆಗೆ ಆ ಚುಕ್ಕೆಯೇ ಕ್ಯಾನ್ವಾಸಿನ ನಡುವೆ ಬಂದು ಕೂತಿತು.

ತಯ್ಯಬ್ ಮೆಹ್ತಾ ಅವರದ್ದು ಬೇರೆ ಥರ. ಓದಿದ ದಿನ ರಾತ್ರಿ ಸರಿ ನಿದ್ದೆ ಬರಲಿಲ್ಲ. 1947ರ ಗಲಭೆಯಲ್ಲಿ ಮುಂಬೈನ ತಮ್ಮ ಬೀದಿಯಲ್ಲೇ ಜನ ಗುಂಪು ಕಟ್ಟಿ ಒಬ್ಬನನ್ನು ಕೊಂದದ್ದನ್ನು ಅವರು ಕಿಟಕಿಯಿಂದ ನೋಡಿದರಂತೆ. ಆಗ ಅವರಿಗೆ ಇಪ್ಪತ್ತೆರಡೋ ಏನೋ, ಹೆಚ್ಚುಕಮ್ಮಿ ನಿನ್ನದೇ ವಯಸ್ಸು. ಮುಂದೆ ಅವರ ಚಿತ್ರಗಳಲ್ಲಿ ಮನುಷ್ಯರು ಬೀಳುತ್ತಲೇ ಇರುತ್ತಾರೆ. ಕಾಲು ಕಟ್ಟಿದ ಎತ್ತು ಬರುತ್ತದೆ. ಆದರೆ ಎಲ್ಲೂ ಆ ಬೀದಿ ಇಲ್ಲ, ಗುಂಪು ಇಲ್ಲ, ಕಲ್ಲು ಇಲ್ಲ. ಸಮತಟ್ಟಾದ ಬಣ್ಣ, ಮುರಿದ ಕೈಕಾಲು, ಅಷ್ಟೇ. ಕಂಡದ್ದನ್ನು ಕಂಡ ಹಾಗೆ ಬರೆದಿದ್ದರೆ ಒಂದೇ ಚಿತ್ರಕ್ಕೆ ಮುಗಿದುಹೋಗುತ್ತಿತ್ತೇನೋ. (2002ರಲ್ಲಿ ಅವರ ಒಂದು ಚಿತ್ರ ಒಂದೂವರೆ ಕೋಟಿಗಿಂತ ಜಾಸ್ತಿಗೆ ಹೋಯಿತಂತೆ. ಅಮ್ಮನಿಗೆ ಇದನ್ನು ಮಾತ್ರ ಹೇಳಿದ್ದೀನಿ.)

ಅದಕ್ಕೇ, ಕೊಡಗಿನವಳಲ್ವಾ, 2018ರ ಗುಡ್ಡ ಕುಸಿತ ಬಿಡಿಸು ಅಂತ ಯಾರಾದರೂ ಹೇಳಿದರೆ ಕೂಡಲೇ ಹೂಂ ಅನ್ನಬೇಡ. ಅದು ನಿನ್ನೊಳಗೆ ಕೂತಿದ್ದರೆ ಅದೇ ದಾರಿ ಮಾಡಿಕೊಂಡು ಬರುತ್ತದೆ.

ಭೂಪೇನ್ ಖಖ್ಖರ್ ಮಾತ್ರ ನನ್ನ ಜಾತಿಯವರು, ಅಂದರೆ ಲೆಕ್ಕ ಬರೆಯುವ ಜಾತಿ! ಚಾರ್ಟರ್ಡ್ ಅಕೌಂಟೆಂಟ್. ಬರೋಡಾದಲ್ಲಿ ಲೆಕ್ಕ ನೋಡುತ್ತಲೇ ಚಿತ್ರ ಬರೆದರು. 1972ರ ಸುಮಾರಿಗೆ ಅವರು ಬರೆದದ್ದು ಯಾರನ್ನು ಗೊತ್ತಾ? ವಾಚ್ ರಿಪೇರಿಯವನನ್ನು, ದರ್ಜಿಯನ್ನು, ಕ್ಷೌರದ ಅಂಗಡಿಯವನನ್ನು. ನಮ್ಮ ಸಂತೆ ದಿನದ ಸಿದ್ದಾಪುರದಲ್ಲಿ ಇವರೆಲ್ಲ ಒಂದೇ ಸಾಲಲ್ಲಿ ಸಿಗುತ್ತಾರೆ.

ನಮ್ಮ ಭದ್ರಾವತಿಯ ಶೀಲಾ ಗೌಡ ಅವರ ಬಗ್ಗೆ ನೀನೇ ಒಮ್ಮೆ ಹೇಳಿದ್ದೆ. ಪೇಂಟಿಂಗ್ ಕಲಿತವರು, 1992ರ ಗಲಭೆಯ ಹೊತ್ತಿಗೆ ಎಣ್ಣೆಬಣ್ಣ ಸಾಲದು ಅನ್ನಿಸಿ ಸಗಣಿ ಹಿಡಿದವರು. ಆಮೇಲೆ ಸೂಜಿಯ ಕಣ್ಣಲ್ಲಿ ನೂರಾರು ಅಡಿ ದಾರ ಎಳೆದು, ಕುಂಕುಮ ಹಚ್ಚಿ, ಕೆಂಪು ಹಗ್ಗ ಮಾಡಿದರು. ಆ ಫೋಟೋ ಅಮ್ಮನಿಗೆ ತೋರಿಸಿದೆ. ಅವಳು ಕೇಳಿದ್ದು ಒಂದೇ: "ಅಷ್ಟೂ ದಾರ ಪೋಣಿಸುವಾಗ ಆಕೆಯ ಬೆರಳಿಗೆ ಎಷ್ಟು ಸಲ ಚುಚ್ಚಿರಬೇಕು?"

ಬೆರಳು ಅಂದ ಕೂಡಲೇ ನನಗೆ ಬೇರೇನೋ ನೆನಪಾಯಿತು. ನಾಲ್ಕು ದಿನದಿಂದ ಅದೇ ಕೊರೆಯುತ್ತಿದೆ.

ನಿನಗೆ ಆಗ ಎಂಟು ವರ್ಷ. ಕೊಯ್ಲಿನ ಕಾಲ, ಬಟವಾಡೆ ದಿನ. ರೋಬಸ್ಟಾ ಕೊಯ್ದ ಹೆಂಗಸರೆಲ್ಲ ಹೆಬ್ಬೆಟ್ಟು ಒತ್ತಿ ಕೂಲಿ ಪಡೆದು ಹೋದರು. ನಾನು ಕಣದ ಕಡೆ ಹೋಗಿ ಬರುವಷ್ಟರಲ್ಲಿ ನೀನು ಆ ಹಾಳೆ ಮೇಲೆ ಕೂತಿದ್ದೆ. ಒಂದೊಂದು ಹೆಬ್ಬೆಟ್ಟಿನ ಗುರುತಿಗೂ ಉಳಿದ ನಾಲ್ಕು ಬೆರಳು ಸೇರಿಸಿ ಪೂರ್ತಿ ಕೈ ಬಿಡಿಸಿದ್ದೆ, ನನ್ನದೇ ನೀಲಿ ಪೆನ್ನಲ್ಲಿ. ಒಂದಕ್ಕೆ ಗಾಜಿನ ಬಳೆ. ಒಂದಕ್ಕೆ ಸೊಟ್ಟ ಕಿರುಬೆರಳು. ಒಂದರ ತೋರುಬೆರಳಿಗೆ ಸೀರೆಯ ಚೂರು ಸುತ್ತಿತ್ತು. ಕಾಫಿ ಕೊಯ್ದು ಕಪ್ಪಾದ ಉಗುರಿಗೆ ಪೆನ್ನು ಒತ್ತಿ ಒತ್ತಿ ಹಾಳೆ ತೂತಾಗಿತ್ತು. ಪಕ್ಕದ ಹೆಸರು ಓದದೆಯೇ ಯಾರ ಕೈ ಅಂತ ನನಗೆ ಗೊತ್ತಾಗುತ್ತಿತ್ತು.

ಗೊತ್ತಾಗಿಯೂ ಬೆನ್ನಿಗೆ ಒಂದು ಬಾರಿಸಿದೆ. ಲೆಕ್ಕದ ಹಾಳೆ ಅದು, ಮರುದಿನ ಧಣಿಗಳು ನೋಡಬೇಕಿತ್ತು. ರಾತ್ರಿ ಕೂತು ಬೇರೆ ಹಾಳೆಗೆ ಇಳಿಸಿದೆ. ಬೆಳಿಗ್ಗೆ ಎಲ್ಲರ ಹತ್ತಿರವೂ ಮತ್ತೆ ಹೆಬ್ಬೆಟ್ಟು ಒತ್ತಿಸಿದೆ. ಹಳೇ ಹಾಳೆ ಬಚ್ಚಲ ಒಲೆಗೆ ಹೋಯಿತು. ಆಮೇಲೆ ನೀನು ಕೈ ಬಿಡಿಸಿದ್ದು ನಾನು ನೋಡಲಿಲ್ಲ. ಬೆಟ್ಟ ಬಿಡಿಸಿದೆ, ಮಂಜು ಬಿಡಿಸಿದೆ. ನಾವೆಲ್ಲ ಚೆನ್ನಾಗಿದೆ ಅಂದೆವು.

ಮೇಷ್ಟ್ರಿಗೆ ಏನು ಬರೆದುಕೊಡಬೇಕು ಅಂತ ನಾನು ಹೇಳೋಕೆ ಆಗಲ್ಲ. ಅದು ನಿನ್ನ ಕೆಲಸ.

ಇಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಇನ್ನೂ ಬಂದಿಲ್ಲ. ಸ್ಪ್ರಿಂಕ್ಲರ್ ಹಾಕಿದ್ದೇವೆ, ರಾತ್ರಿಯೆಲ್ಲ ಮೋಟಾರಿನ ಸದ್ದು. ಆಗ ಹೆಬ್ಬೆಟ್ಟು ಒತ್ತಿದವರಲ್ಲಿ ನಾಲ್ಕು ಜನ ಈಗಲೂ ಕೆಲಸಕ್ಕೆ ಬರುತ್ತಾರೆ. ಸೊಟ್ಟ ಕಿರುಬೆರಳಿನ ಅಜ್ಜಿ ನಿನ್ನೆಯೂ ನಿನ್ನನ್ನು ಕೇಳಿದರು. ಈಗ ಕೂಲಿ ಬ್ಯಾಂಕಿಗೆ ಹೋಗುತ್ತದೆ, ಹೆಬ್ಬೆಟ್ಟಿನ ಕೆಲಸ ಕಮ್ಮಿ. ಹಳೇ ಪುಸ್ತಕದಲ್ಲಿ ಸುಮಾರು ಹಾಳೆ ಖಾಲಿ ಉಳಿದಿವೆ, ಎತ್ತಿಟ್ಟಿದ್ದೀನಿ. ರಜೆಗೆ ಬರುವಾಗ ಬಣ್ಣ ಏನು ಬೇಕೋ ತಗೊಂಡು ಬಾ. ಸ್ಟಾಂಪ್ ಪ್ಯಾಡ್ ಬೇಡ, ಇಲ್ಲೇ ಇದೆ.

ನಿನ್ನ
ಅಪ್ಪ