ಚಿಪ್ ಮಾಡದವರ ಪೇಟೆಂಟ್ ದಾವೆ

ಮಾನ್ಯ ಸಂಪಾದಕರೇ,

ಮೆಮೊರಿ ಕಾರ್ಡ್, ಪೆನ್ ಡ್ರೈವ್‌ಗಳಲ್ಲಿರುವ ಫ್ಲ್ಯಾಶ್ ಮೆಮೊರಿ ಚಿಪ್ ತಯಾರಕರ ಮೇಲೆ, ತಾವೇನೂ ತಯಾರಿಸದೆ ಪೇಟೆಂಟ್ ಬಳಕೆಗೆ ಶುಲ್ಕ ವಸೂಲು ಮಾಡುವ ಲೈಸೆನ್ಸಿಂಗ್ ಕಂಪನಿಗಳು ದಾವೆ ಹೂಡಿದಾಗಲೆಲ್ಲ 'ಪೇಟೆಂಟ್ ಟ್ರೋಲ್' ಎಂಬ ಬೈಗುಳ ಕೇಳಿಬರುತ್ತದೆ. ಅದರಲ್ಲಿ ಅರ್ಧ ಮಾತ್ರ ನ್ಯಾಯ. ಈ ಪೇಟೆಂಟ್‌ಗಳನ್ನು ಎಷ್ಟೋ ಸಲ ಚಿಪ್ ತಯಾರಕರೇ ಮಾರಿರುತ್ತಾರೆ. ಚಿಪ್ ತಯಾರಕ ಮೈಕ್ರಾನ್ ತನ್ನ ಸಾವಿರಾರು ಪೇಟೆಂಟ್‌ಗಳನ್ನು ಲೈಸೆನ್ಸಿಂಗ್ ಕಂಪನಿ ರೌಂಡ್ ರಾಕ್ ರಿಸರ್ಚ್‌ಗೆ ದಾಟಿಸಿತು. ಆಮೇಲೆ ರೌಂಡ್ ರಾಕ್ ಫ್ಲ್ಯಾಶ್ ಮೆಮೊರಿ ತಯಾರಕ ಸ್ಯಾನ್‌ಡಿಸ್ಕ್ ಜೊತೆ ಕೋರ್ಟಿನಲ್ಲಿ ಸೆಣಸಿತು. ಕತ್ತಿ ಮಾರಿದವರೇ ಗಾಯದ ಬಗ್ಗೆ ಗೋಳಾಡಿದರೆ ಹೇಗೆ?

ತಯಾರಕರಿಬ್ಬರು ಕಾದಾಡಿದರೆ 'ನಿನ್ನದು ನನಗೆ, ನನ್ನದು ನಿನಗೆ' ಎಂದು ಪರಸ್ಪರ ಲೈಸೆನ್ಸ್ ಕೊಟ್ಟು ರಾಜಿಯಾಗಬಹುದು. ಏನನ್ನೂ ತಯಾರಿಸದ ಕಂಪನಿಯ ಮೇಲೆ ಪ್ರತಿದಾವೆ ಹೂಡಲು ಹಿಡಿಯೇ ಸಿಗದು. ಅಂಥ ಕಂಪನಿಗೆ ಬೇಕಾದ್ದು ಹಣ ಮಾತ್ರ. ಮೆಮೊರಿ ಕೋಶದ ರಚನೆ, ಒಂದೇ ಕೋಶದಲ್ಲಿ ಹಲವು ಬಿಟ್ ಇಡುವ ವಿಧಾನ, ದೋಷ ತಿದ್ದುವ ಕ್ರಮ, ಇವನ್ನೆಲ್ಲ ನಿಯಂತ್ರಿಸುವ ಕಂಟ್ರೋಲರ್ ಹೀಗೆ ಒಂದು ಸಣ್ಣ ಮೆಮೊರಿ ಕಾರ್ಡಿಗೆ ಎಲ್ಲೆಲ್ಲಿಂದಲೋ ಹಕ್ಕುದಾರರು ಅಂಟಿಕೊಂಡಿರುತ್ತಾರೆ.

ಅಮೆರಿಕದಲ್ಲಿ ಕಡಿವಾಣ ಇಲ್ಲವೆಂದಲ್ಲ. ಆನ್‌ಲೈನ್ ಮಾರಾಟ ತಾಣ ಇಬೇ ಪ್ರಕರಣದಲ್ಲಿ 2006ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಬಳಿಕ, ಉಲ್ಲಂಘನೆ ಸಾಬೀತಾದ ಮಾತ್ರಕ್ಕೆ ತಡೆಯಾಜ್ಞೆ ತಾನಾಗಿ ಸಿಗುವುದಿಲ್ಲ. 2012ರಿಂದ ಪೇಟೆಂಟ್ ಕಚೇರಿಯಲ್ಲೇ ಸಿಂಧುತ್ವ ಪ್ರಶ್ನಿಸುವ ಹೊಸ ದಾರಿಯೂ ಇದೆ. ಆದರೆ ವಕೀಲರ ಖರ್ಚಿಗಿಂತ ರಾಜಿ ಅಗ್ಗವಾದಾಗ ದುರ್ಬಲ ಪೇಟೆಂಟ್ ಕೂಡ ಕಾಸು ಹುಟ್ಟಿಸುತ್ತದೆ. ಮಾರಾಟವಾದ ಪೇಟೆಂಟ್‌ನ ನಿಜವಾದ ಒಡೆಯರು ಯಾರೆಂದು ಬಹಿರಂಗಪಡಿಸುವುದನ್ನಾದರೂ ಎಲ್ಲೆಡೆ ಕಡ್ಡಾಯ ಮಾಡಬೇಕು.

ಅಂದಹಾಗೆ, ಫ್ಲ್ಯಾಶ್ ಮೆಮೊರಿಯನ್ನು ಕಂಡುಹಿಡಿದ ಫುಜಿಯೊ ಮಸುಓಕ ಅವರೂ ತಮ್ಮ ಪಾಲಿಗಾಗಿ ತಾವು ಕೆಲಸ ಮಾಡಿದ್ದ ತೋಷಿಬಾ ಕಂಪನಿಯ ವಿರುದ್ಧವೇ ಕೋರ್ಟಿಗೆ ಹೋಗಬೇಕಾಯಿತು. 2006ರಲ್ಲಿ 8.7 ಕೋಟಿ ಯೆನ್‌ಗೆ ರಾಜಿಯಾಯಿತು.

– ಓರ್ವ ಓದುಗ