ಏಳು ದಿನ ಕಳೆದರೆ ನಕಲಿ ಮಾಲು ಅಸಲಿ ಆಗುತ್ತಾ?

ದಾವಣಗೆರೆ
24-4-2025

ಗೆ,
ಗ್ರಾಹಕರ ದೂರು ಅಧಿಕಾರಿಗಳು

ವಿಷಯ: ನಿಮ್ಮ ಆನ್‌ಲೈನ್ ಅಂಗಡಿಯ ಮೂಲಕ ಕೊಂಡ 550 ವ್ಯಾಟ್ ಎಸ್‌ಎಂಪಿಎಸ್ (ಕಂಪ್ಯೂಟರಿನ ಒಳಗೆ ಕರೆಂಟ್ ಹಂಚುವ ಡಬ್ಬಿ) ನಕಲಿ ಎಂದು ಗೊತ್ತಾಗಿದ್ದು, ನನ್ನ ದೂರನ್ನು ಎರಡು ಸಲ ಸುಮ್ನೆ ಮುಚ್ಚಿ ಹಾಕಿರುವ ಬಗ್ಗೆ.

ನಮಸ್ಕಾರ.

ಮೊದಲೇ ಒಂದು ಮಾತು. "ನಿಮಗೆ ಆದ ಅಸೌಕರ್ಯಕ್ಕೆ ವಿಷಾದಿಸುತ್ತೇವೆ" ಅನ್ನೋ ಉತ್ತರ ನನಗೆ ಆಗಲೇ ನಾಲ್ಕು ಸಲ ಬಂದಿದೆ. ಐದನೇದು ಬೇಡ. ಈ ಪತ್ರವನ್ನು ಒಬ್ಬ ಮನುಷ್ಯ ಕೊನೆವರೆಗೂ ಓದಲಿ, ಅಷ್ಟು ಸಾಕು.

ನಾನು ವಿದ್ಯಾನಗರದಲ್ಲಿ ಮನೆಯಲ್ಲೇ ಕೂತು ಡಿಟಿಪಿ ಮಾಡುತ್ತೇನೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಕಾಲೇಜು ಮಕ್ಕಳ ಪ್ರಾಜೆಕ್ಟ್ ರಿಪೋರ್ಟು. 2018ರಲ್ಲಿ ಅಸೆಂಬಲ್ ಮಾಡಿಸಿದ ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಯುಪಿಎಸ್, ಇಷ್ಟೇ ನನ್ನ ಅಂಗಡಿ. ಜನವರಿ ಕೊನೆಗೆ ಆ ಕಂಪ್ಯೂಟರ್ ತನ್ನಷ್ಟಕ್ಕೆ ಆಫ್ ಆಗಲು ಶುರು ಮಾಡಿತು. ಸುಮ್ನೆ ಟೈಪ್ ಮಾಡುತ್ತಿದ್ದರೆ ಏನೂ ಇಲ್ಲ. ಫೋಟೋಶಾಪ್‌ನಲ್ಲಿ ದೊಡ್ಡ ಫೈಲ್ ತೆರೆದು ಸೇವ್ ಕೊಟ್ಟ ತಕ್ಷಣ ಠಕ್ ಅಂತ ಕಪ್ಪಾಗಿ, ಮತ್ತೆ ತಾನೇ ಚಾಲೂ ಆಗೋದು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ನಿಮ್ಮ ಕಸ್ಟಮರ್ ಕೇರ್ ಹುಡುಗ "ಮೇಡಂ, ಬಹುಶಃ ನಿಮ್ಮ ಕಂಪ್ಯೂಟರಲ್ಲೇ ದೋಷ ಇರಬಹುದು, ನಿಮಗೆ ಗೊತ್ತಾಗಿರಲ್ಲ" ಅಂದ. ಗೊತ್ತಾಗಿತ್ತು ಸ್ವಾಮಿ. ಮೂರು ದಿನ ಕೂತು ಒಂದೊಂದನ್ನೇ ಬಿಡಿಸಿ ನೋಡಿದ್ದೇನೆ. ಮೊದಲು ಬೆಸ್ಕಾಂ ಮೇಲೆ ಅನುಮಾನ ಬಂತು, ಆದರೆ ಕರೆಂಟ್ ಇದ್ದಾಗಲೂ, ಯುಪಿಎಸ್ ಬಿಟ್ಟು ನೇರ ಸಾಕೆಟ್‌ಗೆ ಹಾಕಿದಾಗಲೂ ಅದೇ ಕಥೆ. ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದರೆ ಸಾಲಾಗಿ ಕರ್ನಲ್ ಪವರ್ 41. ಅದು ಕಾಯಿಲೆಯ ಹೆಸರಲ್ಲ, ಸರಿಯಾಗಿ ಶಟ್‌ಡೌನ್ ಆಗದೆ ಕಂಪ್ಯೂಟರ್ ನಿಂತಿತು ಅಂತ ಮಾತ್ರ ಹೇಳುತ್ತೆ. ಕ್ಯಾಬಿನೆಟ್ ಬಿಚ್ಚಿ ಏಳು ವರ್ಷದ ಧೂಳು ತೆಗೆದೆ. ಪ್ರೊಸೆಸರ್ ಬಿಸಿ ನೋಡಿದೆ, ಕೆಲಸದ ನಡುವೆಯೂ 65 ಡಿಗ್ರಿ ದಾಟಲಿಲ್ಲ. ರ‍್ಯಾಮ್ ತೆಗೆದು, ಅದರ ಬಂಗಾರದ ಬಣ್ಣದ ಅಂಚನ್ನು ಮಗಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಬೇರೆ ಸ್ಲಾಟಿಗೆ ಹಾಕಿ, ರಾತ್ರಿಯೆಲ್ಲ ಮೆಮೊರಿ ಟೆಸ್ಟ್ ಓಡಿಸಿದೆ. ಒಂದೂ ತಪ್ಪು ಬರಲಿಲ್ಲ.

ಆಮೇಲೆ ನನ್ನ ಮೈದುನನನ್ನು ಕರೆಸಿದೆ. ಹರಿಹರದಲ್ಲಿ ಅವನದು ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಅಂಗಡಿ. ಕಂಪ್ಯೂಟರ್ ಗೊತ್ತಿಲ್ಲ, ವೋಲ್ಟೇಜ್ ಚೆನ್ನಾಗಿ ಗೊತ್ತು. ಎಸ್‌ಎಂಪಿಎಸ್‌ನಿಂದ ಬರುವ ಹಳದಿ ವೈರಿಗೂ ಕಪ್ಪು ವೈರಿಗೂ ಮಲ್ಟಿಮೀಟರ್ ಇಟ್ಟ. ಹಳದಿ ಅಂದರೆ 12 ವೋಲ್ಟ್. ಶೇಕಡಾ 5ರಷ್ಟು ಆಚೆ ಈಚೆ ಆಗಬಹುದು, ಅಂದರೆ 11.4ಕ್ಕಿಂತ ಕೆಳಗೆ ಇಳಿಯಬಾರದು. ಸುಮ್ನೆ ಇದ್ದಾಗ 11.7 ಇತ್ತು. ನಾನು ಫೋಟೋಶಾಪ್ ಫೈಲ್ ತೆರೆದೆ, 11.2ಕ್ಕೆ ಬಿತ್ತು, ಕಂಪ್ಯೂಟರ್ ನಿಂತಿತು. "ಅತ್ತಿಗೆ, ಲೋಡ್ ತಡೀತಿಲ್ಲ ಇದು, ಬದಲಾಯಿಸಿಬಿಡಿ" ಅಂದ. ಅಷ್ಟೇ.

ಅಲ್ಲಿಂದ ಮುಂದಿನ ತಪ್ಪು ನನ್ನದು, ಒಪ್ಪಿಕೊಳ್ಳುತ್ತೇನೆ. ಪಿ.ಬಿ. ರಸ್ತೆಯ ಅಂಗಡಿಯವರು 3,800 ಹೇಳಿದರು, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿ ಕೊಡಲು ಎರಡು ದಿನ ಬೇಕು ಅಂದರು. ನಿಮ್ಮಲ್ಲಿ ಅದೇ ಕಂಪನಿಯದು, ಅದೇ ಮಾಡೆಲ್ಲು, 3,450. "100% ಅಸಲಿ" ಅಂತ ಹಸಿರು ಗುರುತು ಬೇರೆ. ಕರೆಂಟ್ ಹೆಚ್ಚು ಪೋಲು ಮಾಡಲ್ಲ ಅನ್ನೋ 80 ಪ್ಲಸ್ ಬ್ರಾಂಜ್ ಗುರುತು, 5 ವರ್ಷ ವಾರಂಟಿ. 350 ರೂಪಾಯಿ ಉಳಿಯುತ್ತಲ್ಲ ಅಂದುಕೊಂಡೆ. ಒಂದು ಮಾತು ಗಮನಿಸಿ, ಇದು ಅರ್ಧ ಬೆಲೆಯ ಆಸೆಗೆ ಬಿದ್ದ ಕೇಸಲ್ಲ. ಅಸಲಿ ಬೆಲೆಗೆ ಹತ್ತಿರದ ಬೆಲೆಯಲ್ಲೇ ನಕಲಿ ಮಾರಿದ್ದೀರಿ.

ಫೆಬ್ರವರಿ 11ಕ್ಕೆ ಆರ್ಡರ್, 15ಕ್ಕೆ ಡೆಲಿವರಿ, ಅದೇ ದಿನ ಮೈದುನ ಬಂದು ಕೂಡಿಸಿದ. ಕಂಪ್ಯೂಟರ್ ಓಡಿತು. ಓಡುತ್ತಿರುವ ಎಸ್‌ಎಂಪಿಎಸ್ ನಕಲಿ ಅಂತ ಯಾರು ತಾನೆ ಬಿಚ್ಚಿ ನೋಡುತ್ತಾರೆ? ಬಿಚ್ಚಿದರೆ ವಾರಂಟಿ ಹೋಗುತ್ತೆ ಅಂತ ಅದರ ಮೇಲೇ ಸ್ಟಿಕರ್ ಅಂಟಿಸಿರುತ್ತಾರೆ. ಕರೆಂಟ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತೆ, ತಿಳಿಯದವರು ಕೈ ಹಾಕುವ ಜಾಗವೂ ಅದಲ್ಲ.

ಮಾರ್ಚ್ 21, ಬೆಳಿಗ್ಗೆ ಹನ್ನೊಂದು ಗಂಟೆ. ಪಟ್ ಅಂತ ಶಬ್ದ, ಸುಟ್ಟ ವಾಸನೆ, ಮನೆಯ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಬಿತ್ತು. ಸರಿಯಾಗಿ 34ನೇ ದಿನ. ಎಸ್‌ಎಂಪಿಎಸ್ ಒಂದೇ ಹೋಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಹೋಗುವಾಗ ಜೊತೆಗೆ 1 ಟಿಬಿ ಹಾರ್ಡ್ ಡಿಸ್ಕನ್ನೂ ಕರೆದುಕೊಂಡು ಹೋಯಿತು. ಅದರ ಕೆಳಗಿನ ಹಸಿರು ಬೋರ್ಡಿನಲ್ಲಿ ಕಪ್ಪು ಕಲೆ ಬರಿಗಣ್ಣಿಗೇ ಕಾಣುತ್ತೆ. ಮದರ್‌ಬೋರ್ಡ್ ಉಳಿದದ್ದು ನನ್ನ ಪುಣ್ಯ. ಏಪ್ರಿಲ್-ಮೇ ಲಗ್ನದ ಸೀಸನ್ನು, ಅಷ್ಟು ವರ್ಷದ ಕಾರ್ಡಿನ ಡಿಸೈನೆಲ್ಲ ಅದರಲ್ಲೇ ಇತ್ತು. ಅರ್ಧ ಪೆನ್‌ಡ್ರೈವಿನಲ್ಲಿ ಸಿಕ್ಕಿತು, ಉಳಿದರ್ಧ ಇಲ್ಲ. ಬ್ಯಾಕಪ್ ಇಟ್ಟುಕೊಳ್ಳಬೇಕಿತ್ತು ಅಂತ ನೀವು ಹೇಳುವ ಮೊದಲೇ ನಾನೇ ಹೇಳಿಕೊಂಡಿದ್ದೇನೆ.

ಅವತ್ತೇ ನಿಮಗೆ ದೂರು ಕೊಟ್ಟೆ. ಉತ್ತರ: "ವಾಪಸ್ ಅವಧಿ 7 ದಿನ, ಅದು ಮುಗಿದಿದೆ, ವಾರಂಟಿಗಾಗಿ ತಯಾರಕರನ್ನು ಸಂಪರ್ಕಿಸಿ." ಸರಿ, ಸಂಪರ್ಕಿಸಿದೆ. ಬಿಲ್ಲು, ಫೋಟೋ, ಸೀರಿಯಲ್ ನಂಬರ್ ಎಲ್ಲ ಕಳಿಸಿದೆ. ಯುಗಾದಿಯ ಹಿಂದಿನ ದಿನ ಅವರ ಉತ್ತರ ಬಂತು. ಆ ಸೀರಿಯಲ್ ನಂಬರ್ ಅವರ 450 ವ್ಯಾಟಿನ ಬೇರೊಂದು ಮಾಡೆಲ್ಲಿನದಂತೆ, ಫೋಟೋದಲ್ಲಿ ಇರುವುದು ಅವರ ಕಾರ್ಖಾನೆಯ ಮಾಲೇ ಅಲ್ಲವಂತೆ. ಹಬ್ಬಕ್ಕೆ ಬೆಲ್ಲಕ್ಕಿಂತ ಮೊದಲು ಬೇವು ಬಂತು.

ಇಷ್ಟಾದ ಮೇಲೆ ವಾರಂಟಿಯ ಭಯ ಯಾಕೆ? ಮೈದುನ ಬಿಚ್ಚಿಯೇಬಿಟ್ಟ. ಏನೇನು ಸಿಕ್ಕಿತು ಅಂತ ಫೋಟೋ ಸಮೇತ ಲಗತ್ತಿಸಿದ್ದೇನೆ, ಆದರೂ ಬರೆಯುತ್ತೇನೆ, ಯಾಕೆಂದರೆ ನಿಮ್ಮವರು ಲಗತ್ತು ತೆರೆಯೋದಿಲ್ಲ ಅಂತ ನನಗೆ ಅನುಭವ ಆಗಿದೆ.

ಹಿಂದುಗಡೆ 115/230 ಅಂತ ಕೆಂಪು ಸ್ವಿಚ್ ಇದೆ. ನನ್ನ ಹಳೆಯದರಲ್ಲೂ ಇತ್ತು, ಹಾಗಾಗಿ ಅವತ್ತು ಏನೂ ಅನ್ನಿಸಲಿಲ್ಲ. ಈಗ ನಿಮ್ಮದೇ ಪುಟದ ಫೋಟೋ ನೋಡಿ, ಅದರಲ್ಲಿ ಆ ಸ್ವಿಚ್ಚೇ ಇಲ್ಲ! ಇರಬಾರದು ಕೂಡ. 80 ಪ್ಲಸ್ ಗುರುತು ಸಿಗಬೇಕಾದರೆ ಪವರ್ ಫ್ಯಾಕ್ಟರ್, ಅಂದರೆ ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು, ಕನಿಷ್ಠ 0.9 ಇರಬೇಕು, ಅದಕ್ಕೆ ಒಳಗೆ ಅದನ್ನು ಸರಿಪಡಿಸುವ ಆ್ಯಕ್ಟಿವ್ ಪಿಎಫ್‌ಸಿ ಅನ್ನೋ ಸರ್ಕ್ಯೂಟ್ ಬೇಕು. ಅದು ಇರುವಂಥವು ಸಾಮಾನ್ಯವಾಗಿ 100ರಿಂದ 240 ವೋಲ್ಟ್ ತಾವೇ ಹೊಂದಿಸಿಕೊಳ್ಳುತ್ತವೆ, ಕೈಯಿಂದ ಬದಲಾಯಿಸುವ ಸ್ವಿಚ್ಚಿನ ಕೆಲಸ ಏನು? ಒಳಗೆ ಆ ಪಿಎಫ್‌ಸಿಗೆ ಬೇಕಾದ ದೊಡ್ಡ ಕಾಯಿಲ್ ಇಲ್ಲ, 400 ವೋಲ್ಟಿನ ದೊಡ್ಡ ಕೆಪಾಸಿಟರ್ ಇಲ್ಲ. 200 ವೋಲ್ಟಿನ ಎರಡು ಪುಟ್ಟ ಕೆಪಾಸಿಟರ್ ಇವೆ, ಅದರಲ್ಲಿ ಒಂದರ ತಲೆ ಉಬ್ಬಿ ಒಡೆದಿದೆ. ಕರೆಂಟ್ ಒಳಗೆ ಬರುವ ಜಾಗದಲ್ಲಿ ಫಿಲ್ಟರ್ ಕಾಯಿಲ್ ಕೂರಬೇಕಾದ ತೂತುಗಳನ್ನು ಖಾಲಿ ಬಿಟ್ಟು ಒಂದು ತುಂಡು ತಂತಿ ಬೆಸೆದಿದ್ದಾರೆ. "ನಮ್ಮ ಕಡೆ ಬೋರ್‌ವೆಲ್ ಸ್ಟಾರ್ಟರಿನಲ್ಲೂ ಇಷ್ಟು ಮೋಸ ನೋಡಿಲ್ಲ" ಅಂದ ಮೈದುನ.

ತೂಕದ ವಿಷಯವೂ ಇದೆ. ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟೆವು, 900 ಗ್ರಾಂ. ಆಮೇಲೆ ಪಿ.ಬಿ. ರಸ್ತೆಯ ಅದೇ ಅಂಗಡಿಯಲ್ಲಿ 3,800 ಕೊಟ್ಟು ಅದೇ ಮಾಡೆಲ್ ತಂದೆ, ಅದು 1 ಕೆಜಿ 700 ಗ್ರಾಂ. ಮಂಡಕ್ಕಿ ತೂಗಿದರೆ ಇಷ್ಟು ವ್ಯತ್ಯಾಸ ಬಂದರೂ ಬರಬಹುದು, ಕಬ್ಬಿಣದ ಡಬ್ಬಿಗೆ ಹೇಗೆ ಬರುತ್ತೆ? ಆ ಅಂಗಡಿಯವರು ಮಾಡಿದ ಒಂದು ಕೆಲಸ ನೀವೂ ನೋಡಿ ಕಲಿಯಬಹುದು. ದುಡ್ಡು ತೆಗೆದುಕೊಳ್ಳುವ ಮೊದಲು ನನ್ನೆದುರೇ ಡಬ್ಬಿಯ ಮೇಲಿನ ಸೀರಿಯಲ್ಲು, ಎಸ್‌ಎಂಪಿಎಸ್ ಮೈಮೇಲಿನ ಸೀರಿಯಲ್ಲು ಎರಡೂ ಒಂದೇನಾ ನೋಡಿ, ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ, ಮಾಡೆಲ್ ಹೆಸರು ಬಂದ ಮೇಲೆ ಜಿಎಸ್‌ಟಿ ಬಿಲ್ಲಿನಲ್ಲಿ ಆ ನಂಬರ್ ಬರೆದು ಕೊಟ್ಟರು. ಎರಡು ನಿಮಿಷದ ಕೆಲಸ. ನಿಮ್ಮ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇಲ್ಲವೇ ಇಲ್ಲ. ಇರದಿದ್ದರೆ ಯಾವ ಮಾಲು ಕಳಿಸಿದಿರಿ ಅಂತ ನಾಳೆ ನೀವಾದರೂ ಹೇಗೆ ತೋರಿಸುತ್ತೀರಿ?

ಡಬ್ಬಿಯ ಮೇಲೆ ಎಂಆರ್‌ಪಿ ಇಲ್ಲ. ಆಮದು ಮಾಡಿದವರ ಹೆಸರು ವಿಳಾಸ ಇಲ್ಲ, ತಿಂಗಳು ವರ್ಷ ಇಲ್ಲ. ಹೊರದೇಶದಿಂದ ಬಂದ ಪ್ಯಾಕೆಟ್ ಮಾಲಿನ ಮೇಲೆ ಇವೆಲ್ಲ ಇರಲೇಬೇಕು. ಲೇಬಲ್ ಮೇಲೆ ಸರ್ಕಾರದ ಗುಣಮಟ್ಟದ ಗುರುತಾದ ಬಿಐಎಸ್ ಗುರುತಿನ ಕೆಳಗೆ ಆರ್ ಅಕ್ಷರದಿಂದ ಶುರುವಾಗುವ ನಂಬರ್ ಒಂದಿದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾವುದೋ ಮೊಬೈಲ್ ಚಾರ್ಜರ್ ಮಾಡುವವರ ಹೆಸರು ಬಂತು. ಇದನ್ನೆಲ್ಲ ಫೆಬ್ರವರಿ 15ಕ್ಕೇ ನೋಡಬೇಕಿತ್ತು, ನೋಡಲಿಲ್ಲ. ಆದರೆ ನಾನು ನೋಡಲಿಲ್ಲ ಅಂತ ನೀವು ಮಾರಿದ್ದು ಸರಿ ಆಗಲ್ಲ, ಅಲ್ವಾ?

ಈಗ ನಿಮ್ಮ 7 ದಿನದ ಮಾತಿಗೆ ಬರುತ್ತೇನೆ. ನನ್ನ ಜಗಳ ಇರೋದೇ ಅದರ ಮೇಲೆ.

ವಾಪಸ್ ಅವಧಿ ಅನ್ನೋದು ಸೀರೆಯ ಬಣ್ಣ ಹಿಡಿಸದಿದ್ದರೆ, ಚಪ್ಪಲಿ ಅಳತೆ ಸರಿಹೋಗದಿದ್ದರೆ ಇರುವ ಅನುಕೂಲ. ನಕಲಿ ಮಾಲಿಗೂ ಅದಕ್ಕೂ ಸಂಬಂಧ ಇಲ್ಲ. ನಕಲಿ ಎಸ್‌ಎಂಪಿಎಸ್ ಮೊದಲ ವಾರ ಚೆನ್ನಾಗಿಯೇ ಓಡುತ್ತೆ, ಅದು ನಕಲಿ ಅಂತ ಗೊತ್ತಾಗೋದೇ ಸತ್ತ ಮೇಲೆ. ನಕಲಿ ಮಾರುವವನಿಗೂ ಇದು ಚೆನ್ನಾಗಿ ಗೊತ್ತು, ಅದಕ್ಕೇ ಅವನಿಗೆ ನಿಮ್ಮ 7 ದಿನ ಅಂದರೆ ಬಲು ಪ್ರೀತಿ. ಏಳು ದಿನ ದಾಟಿಸಿದರೆ ಸಾಕು, ಎಂಟನೇ ದಿನ ನೀವೇ ಅವನ ಪರವಾಗಿ ನಿಂತು ಗಿರಾಕಿಯನ್ನು ಕಂಪನಿ ಕಡೆ ಕಳಿಸುತ್ತೀರಿ, ಕಂಪನಿ ಇದು ನಮ್ಮದಲ್ಲ ಅನ್ನುತ್ತೆ, ಗಿರಾಕಿ ನಡುವೆ ನಿಂತಿರುತ್ತಾಳೆ.

ಕಾನೂನೂ ನಿಮ್ಮ 7 ದಿನವನ್ನು ಕೇಳಲ್ಲ. 2020ರ ಗ್ರಾಹಕ ರಕ್ಷಣಾ ಇ-ಕಾಮರ್ಸ್ ನಿಯಮಗಳಲ್ಲಿ ಇದೆ: ಮಾಲು ದೋಷದ್ದಾಗಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದಿದ್ದರೆ ಮಾರಿದವನು ಅದನ್ನು ವಾಪಸ್ ತೆಗೆದುಕೊಳ್ಳಲು, ದುಡ್ಡು ಹಿಂತಿರುಗಿಸಲು ಇಲ್ಲ ಅನ್ನುವಂತಿಲ್ಲ. ನಿಮ್ಮಂಥವರ ದೂರು ಅಧಿಕಾರಿ 48 ಗಂಟೆಯಲ್ಲಿ ದೂರು ಬಂದಿದೆ ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ನನ್ನ ಮೊದಲ ದೂರು ಮಾರ್ಚ್ 21ರದು. ತಿಂಗಳು ಮುಗಿದು ಮೂರು ದಿನ ಆಯಿತು. ಈ ನಡುವೆ ನೀವು ಮಾಡಿದ್ದು ಏಪ್ರಿಲ್ 2ಕ್ಕೆ ಒಮ್ಮೆ, 14ಕ್ಕೆ ಇನ್ನೊಮ್ಮೆ "ಸಮಸ್ಯೆ ಪರಿಹಾರವಾಗಿದೆ" ಅಂತ ದೂರು ಮುಚ್ಚಿದ್ದು. ಯಾರ ಸಮಸ್ಯೆ? ಕನ್ನಡಕ್ಕೆ ಒತ್ತಿ ಅಂತ ಫೋನಿನಲ್ಲಿ ಹೇಳಿಸುತ್ತೀರಿ, ಒತ್ತಿದರೆ ಬರುವವರಿಗೆ ಕನ್ನಡ ಬರಲ್ಲ. ಅದು ಬೇರೆ ದೂರು, ಇಲ್ಲಿಗೆ ಬಿಡುತ್ತೇನೆ.

ನನಗೆ ಬೇಕಾದ್ದು ಇಷ್ಟು. ಎಸ್‌ಎಂಪಿಎಸ್‌ನ 3,450, ಅದರಿಂದ ಸುಟ್ಟ ಹಾರ್ಡ್ ಡಿಸ್ಕಿನ ಬದಲು ತಂದದ್ದರ 3,600, ಒಟ್ಟು 7,050 ರೂಪಾಯಿ, ದುಡ್ಡು ಕಟ್ಟಿದ ಖಾತೆಗೇ. ಕೂಪನ್ನು, ಪಾಯಿಂಟು, ವಾಲೆಟ್ಟು ಬೇಡ. ಎರಡನೆಯದು, ಮಾರಿದವರ ಪೂರ್ತಿ ಹೆಸರು ಮತ್ತು ವಿಳಾಸ. ಕೊಂಡ ಮೇಲೆ ಗ್ರಾಹಕರು ಬರೆದು ಕೇಳಿದರೆ ಅದನ್ನು ಕೊಡಬೇಕು ಅಂತಲೂ ಅದೇ ನಿಯಮಗಳಲ್ಲಿದೆ, ಈ ಪತ್ರವನ್ನೇ ಆ ಕೋರಿಕೆ ಅಂತ ತಿಳಿಯಿರಿ. ಮೂರನೆಯದಕ್ಕೆ ದುಡ್ಡಿನ ಲೆಕ್ಕ ಇಲ್ಲ. ಇವರಿಂದ ಇದೇ ಮಾಡೆಲ್ ಕೊಂಡ ಉಳಿದವರಿಗೆ ಒಂದು ಮೆಸೇಜ್ ಕಳಿಸಿ. ನಿನ್ನೆ ನೋಡಿದಾಗಲೂ ಆ ಪುಟ ಹಾಗೇ ಇತ್ತು, ಹಸಿರು ಗುರುತು ಸಮೇತ. ಯಾರದೋ ಮನೆಯಲ್ಲಿ ಇದೇ ಡಬ್ಬಿ ಈಗ ಓಡುತ್ತಿರಬಹುದು, ಮಕ್ಕಳು ಪಕ್ಕದಲ್ಲೇ ಕೂತಿರಬಹುದು. ನನ್ನ ಮನೆಯಲ್ಲಿ ಎಂಸಿಬಿ ಬಿತ್ತು, ಎಲ್ಲರ ಮನೆಯಲ್ಲೂ ಸರಿಯಾದ ಎಂಸಿಬಿ ಇರುತ್ತೆ ಅಂತ ಏನಿಲ್ಲ.

ಹೋದ ಡಿಸೈನುಗಳ ಬೆಲೆ, ಚಾಮರಾಜಪೇಟೆಯ ಗೆಳತಿಗೆ ಬಿಟ್ಟುಕೊಟ್ಟ ಮೂರು ಲಗ್ನಪತ್ರಿಕೆಯ ಕೆಲಸ, ಮೈದುನನ ಓಡಾಟ, ಇವನ್ನು ನಾನು ಸೇರಿಸಿಲ್ಲ. 15 ದಿನದೊಳಗೆ ಬರಹದಲ್ಲಿ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ಇಲ್ಲೇ ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ನಿಮ್ಮ ಆಫೀಸ್ ಯಾವ ಊರಲ್ಲಿದ್ದರೂ, ನಾನು ಇರುವ ಊರಲ್ಲೇ ಕೇಸು ಹಾಕಲು 2019ರ ಗ್ರಾಹಕ ರಕ್ಷಣಾ ಕಾಯ್ದೆ ಅವಕಾಶ ಕೊಟ್ಟಿದೆ. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವೂ ಇಲ್ಲ, ಟೈಪಿಂಗ್ ಅಂತೂ ನನ್ನದೇ ಕಸುಬು. ಆಗ ಮಾತ್ರ ಆ ಉಳಿದ ಲೆಕ್ಕವನ್ನೂ ಸೇರಿಸುತ್ತೇನೆ.

ಆ ಎಸ್‌ಎಂಪಿಎಸ್, ಡಬ್ಬಿ, ಸುಟ್ಟ ಹಾರ್ಡ್ ಡಿಸ್ಕ್ ಎಲ್ಲ ಅಟ್ಟದ ಮೇಲೆ ಚೀಲದಲ್ಲಿ ಕಟ್ಟಿ ಇಟ್ಟಿದ್ದೇನೆ. ಪರೀಕ್ಷೆಗೆ ಬೇಕಿದ್ದರೆ ಜನ ಕಳಿಸಿ, ನನ್ನೆದುರೇ ನೋಡಲಿ. ತೆಗೆದುಕೊಂಡು ಹೋಗುವುದಾದರೆ ಸೀರಿಯಲ್ ನಂಬರ್ ಮತ್ತು ತೂಕ ಬರೆದ ರಸೀದಿ ಕೊಟ್ಟು ಹೋಗಬೇಕು. ಬರೀ ಡೆಲಿವರಿ ಹುಡುಗನನ್ನು ಕಳಿಸಿದರೆ ಕೊಡುವುದಿಲ್ಲ, ಪಾಪ ಅವನದೇನೂ ತಪ್ಪಿಲ್ಲ, ನೀರು ಕುಡಿಸಿ ಕಳಿಸುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ
ವಿದ್ಯಾನಗರ, ದಾವಣಗೆರೆ

ಲಗತ್ತು: ಬಿಲ್ಲು, ತಯಾರಕರ ಉತ್ತರ, ಒಳಗಿನ ಮತ್ತು ಹೊರಗಿನ ಫೋಟೋ 11, ತಕ್ಕಡಿಯ ಫೋಟೋ 2, ನಿಮ್ಮ ಪುಟದ ಫೋಟೋ 1 (ಕೆಂಪು ಸ್ವಿಚ್ ಇಲ್ಲದ್ದು).