ನಾನು ಮಲಗಿದ್ದಾಗ ಕೆಲಸ ನಡೆಸಿದವರಿಗೆ

ಮೊಣಕಾಲಿನ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಈ ವಾರ ಮತ್ತೆ ಕೆಲಸಕ್ಕೆ ಬಂದಿದ್ದೇನೆ. ಊರುಗೋಲು ಇನ್ನೂ ಜೊತೆಗಿದೆ. ನಾನು ಮಲಗಿದ್ದ ಅವಧಿಯಲ್ಲಿ ನಮ್ಮ ಜನರೇಟರ್ ಸರ್ವಿಸ್ ಘಟಕಕ್ಕೆ ಬಂದ ಒಂದು ಕರೆಯೂ ಬಾಕಿ ಉಳಿಯಲಿಲ್ಲ, ಒಬ್ಬ ಗ್ರಾಹಕನೂ ಕೈಬಿಟ್ಟು ಹೋಗಲಿಲ್ಲ. ನನ್ನನ್ನು ಕೇಳದೆಯೇ ಹೊಸ ಒಪ್ಪಂದಗಳೂ ಆಗಿದ್ದವು. ಕೇಳಿದಾಗ ಮೊದಲು ಸ್ವಲ್ಪ ಪೆಚ್ಚಾದೆ. ತಾನಿಲ್ಲದಿದ್ದರೆ ನಡೆಯದು ಎಂಬ ಜಂಬ ಯಾರಿಗಿರುವುದಿಲ್ಲ? ಆಮೇಲೆ ತುಂಬ ಸಂತೋಷವಾಯಿತು. ಸೇನೆಯ ಸಮವಸ್ತ್ರ ಕಳಚಿಟ್ಟು ಬಂದ ನನಗೆ ಈ ಕೆಲಸವನ್ನು ಕಲಿಸಿ, ಕಟ್ಟಿಸಿ, ಬೆಳೆಸಿದವರೆಲ್ಲರಿಗೆ ಬಹಿರಂಗವಾಗಿಯೇ ಕೃತಜ್ಞತೆ ಹೇಳಬೇಕೆನಿಸಿತು.

ಮೊದಲ ನಮಸ್ಕಾರ ನಮ್ಮ ಮೊದಲ ಗ್ರಾಹಕರಾದ ವೈದ್ಯೆಗೆ. ಸಣ್ಣ ಆಸ್ಪತ್ರೆ ಅವರದು. ಸೇನೆಯಲ್ಲಿ ಎಂಜಿನ್ ಬಿಚ್ಚಿ ಜೋಡಿಸಿದ ಕೈ ನನ್ನದು, ಯಂತ್ರದ ಬಗ್ಗೆ ಅಳುಕಿರಲಿಲ್ಲ. ಆದರೆ ‘ವರ್ಷಕ್ಕೆ ಎಷ್ಟು ತೆಗೆದುಕೊಳ್ಳುತ್ತೀರಿ?’ ಎಂದು ಅವರು ಕೇಳಿದಾಗ ಬಾಯಿ ಕಟ್ಟಿಹೋಯಿತು. ಸಂಬಳವನ್ನು ಯಾವಾಗಲೂ ಬೇರೆಯವರೇ ನಿಗದಿ ಮಾಡಿದ ಬದುಕಿನಿಂದ ಬಂದವನು ನಾನು. ಅವರು ಕಾಗದ, ಪೆನ್ನು ಮುಂದಿಟ್ಟು ಆಯಿಲ್, ಫಿಲ್ಟರ್, ಓಡಾಟದ ಹೊತ್ತು, ರಾತ್ರಿ ಕರೆದರೆ ಬರುವ ಖರ್ಚು ಎಲ್ಲವನ್ನೂ ಬರೆಸಿದರು. ಕೊನೆಗೆ ‘ನಿಮಗೆ ಉಳಿಯುವುದೆಷ್ಟು, ಅದನ್ನೂ ಬರೆಯಿರಿ’ ಎಂದರು. ಕೊಳ್ಳುವವರೇ ಮಾರುವವನಿಗೆ ಬೆಲೆ ಕಟ್ಟುವುದನ್ನು ಹೇಳಿಕೊಟ್ಟ ಪ್ರಸಂಗವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅವರ ಆಸ್ಪತ್ರೆಯಲ್ಲಿ ವಾರಕ್ಕೊಮ್ಮೆ ಜನರೇಟರನ್ನು ಲೋಡ್ ಇಲ್ಲದೆ, ಅಂದರೆ ಯಾವ ಉಪಕರಣಕ್ಕೂ ಕರೆಂಟ್ ಕೊಡದೆ, ಬರಿದೇ ಓಡಿಸಿ ನಿಲ್ಲಿಸುವ ರೂಢಿಯಿತ್ತು. ಡೀಸೆಲ್ ಜನರೇಟರನ್ನು ಅದರ ಸಾಮರ್ಥ್ಯದ ಶೇ. 30ಕ್ಕಿಂತ ಕಡಿಮೆ ಲೋಡ್‌ನಲ್ಲಿ ಓಡಿಸುತ್ತಲೇ ಇದ್ದರೆ ಇಂಧನ ಪೂರ್ತಿ ಉರಿಯುವುದಿಲ್ಲ. ಹೊಗೆಕೊಳವೆಯಲ್ಲಿ ಮಸಿ ಕಟ್ಟಿ ಕಪ್ಪು ಜಿಡ್ಡು ತೊಟ್ಟಿಕ್ಕುತ್ತದೆ. ಓಡಿಸದೆ ಬಿಟ್ಟರೆ ಬ್ಯಾಟರಿ ಕೂರುತ್ತದೆ, ಟ್ಯಾಂಕಿನ ತಳದಲ್ಲಿ ನೀರು ಸೇರಿ ಡೀಸೆಲ್ ಕೆಡುತ್ತದೆ. ನಿಜವಾದ ಲೋಡ್ ಹಾಕಿ ಪರೀಕ್ಷಿಸೋಣ ಎಂದಾಗ ಅವರ ಸಿಬ್ಬಂದಿಗೆ ಭಯ. ವೈದ್ಯೆ ಮಾತ್ರ ಒಪ್ಪಿದರು. ‘ಕೆಟ್ಟ ಮೇಲೆ ಚೆನ್ನಾಗಿ ರಿಪೇರಿ ಮಾಡುವವರು ನನಗೆ ಬೇಡ, ಕೆಡದಂತೆ ನೋಡಿಕೊಳ್ಳುವವರು ಬೇಕು’ ಎಂದರು. ರಿಪೇರಿಯ ಕರೆಗಾಗಿ ಕಾಯುವುದನ್ನು ಬಿಟ್ಟು ವಾರ್ಷಿಕ ನಿರ್ವಹಣೆಯ ಒಪ್ಪಂದಗಳಿಗೆ ನಾವು ತಿರುಗಿದ್ದು ಆ ಮಾತಿನಿಂದ. ತಿಂಗಳ ಆದಾಯ ಮೊದಲೇ ಗೊತ್ತಾಗುವುದರಿಂದಲೇ ಇನ್ನೊಬ್ಬರಿಗೆ ಸಂಬಳ ಕೊಡುವ ಧೈರ್ಯ ಬಂತು.

ಬಿಡಿಭಾಗಗಳ ಅಂಗಡಿಯ ಹಿರಿಯರು ಶುರುವಿನಲ್ಲಿ ಫಿಲ್ಟರ್‌ಗಳನ್ನು ಸಾಲಕ್ಕೆ ಕೊಟ್ಟರು, ನಕಲಿ ಮಾಲನ್ನು ಗುರುತಿಸಲು ಕಲಿಸಿದರು. ಅವರಿಗೂ ನಮಸ್ಕಾರ.

ಹೆಂಡತಿಗೆ ಏನು ಹೇಳಲಿ? ಮೈದಾನದ ಆ ತುದಿಗೆ ಕೇಳುವಂತೆ ಕೂಗಬಲ್ಲ ನನಗೆ, ಬಾಕಿ ಹಣಕ್ಕಾಗಿ ಫೋನ್ ಮಾಡುವಾಗ ದನಿಯೇ ಏಳುತ್ತಿರಲಿಲ್ಲ. ಆ ಕೆಲಸವನ್ನು ಆಕೆ ಕೈಗೆತ್ತಿಕೊಂಡಳು. ಗದರುವುದಿಲ್ಲ, ಬಿಡುವುದೂ ಇಲ್ಲ. ಪಿಂಚಣಿಗೆ ಒಂದು ಖಾತೆ, ವ್ಯವಹಾರಕ್ಕೆ ಇನ್ನೊಂದು, ಒಂದರ ಹಣ ಇನ್ನೊಂದಕ್ಕೆ ಹೋಗಕೂಡದು ಎಂಬುದು ಆಕೆಯದೇ ಕಟ್ಟಳೆ. ಕೈ ತೀರ ಕಟ್ಟಿದ್ದ ತಿಂಗಳುಗಳಲ್ಲೂ ಮನೆ ನಡೆದದ್ದು ಅದರಿಂದ.

ಇನ್ನು ನಮ್ಮ ಹುಡುಗರು. ಮೊದಲು ಸೇರಿದವನು ಪ್ರತಿಯೊಂದಕ್ಕೂ ‘ಯಾಕೆ ಸಾರ್?’ ಎನ್ನುತ್ತಿದ್ದ. ಆದೇಶಕ್ಕೆ ಎದುರು ಪ್ರಶ್ನೆ ಕೇಳಿ ಅಭ್ಯಾಸವಿಲ್ಲದ ನನಗೆ ಮೈ ಉರಿಯುತ್ತಿತ್ತು. ಅವನಿಗೆ ಉತ್ತರ ಹೇಳುತ್ತಾ ಹೋದಂತೆ ಒಂದು ಹಾಳೆ ತಯಾರಾಯಿತು: ಎಂಜಿನ್ ಓಡಿದ ಗಂಟೆಗಳನ್ನು ಎಣಿಸುವ ಅವರ್ ಮೀಟರ್ ಎಷ್ಟು ತೋರಿಸುತ್ತಿದೆ, ಆಯಿಲ್ ಬದಲಿಸುವ ಹೊತ್ತಾಗಿದೆಯೇ, ಎಂಜಿನ್ ತಂಪಾಗಿಡುವ ಕೂಲಂಟ್ ದ್ರವದ ಮಟ್ಟ, ಬೆಲ್ಟಿನ ಬಿಗಿತ. 12 ವೋಲ್ಟ್‌ನ ಬ್ಯಾಟರಿ ಸ್ಟಾರ್ಟ್ ಆಗುವಾಗ 9.6 ವೋಲ್ಟ್‌ಗಿಂತ ಕೆಳಗಿಳಿಯಿತೇ, ಲೋಡ್ ಹಾಕಿದಾಗ ಕರೆಂಟಿನ ಫ್ರೀಕ್ವೆನ್ಸಿ (ಆವರ್ತನ) ಎಷ್ಟು ಕುಸಿಯಿತು. ಕೊನೆಯ ಸಾಲು ಕೆಂಪು ಅಕ್ಷರದಲ್ಲಿದೆ: ‘ಸ್ವಿಚ್ ಆಟೋದಲ್ಲಿದೆಯೇ?’ ಆಟೋ ಎಂದರೆ ಕರೆಂಟ್ ಹೋದಾಗ ಜನರೇಟರ್ ತಾನೇ ಸ್ಟಾರ್ಟ್ ಆಗುವ ಸ್ಥಿತಿ. ಸರ್ವಿಸ್‌ಗೆಂದು ಆಫ್ ಮಾಡಿದ ಸ್ವಿಚ್ಚನ್ನು ಮತ್ತೆ ಆಟೋಗೆ ತಿರುಗಿಸದೆ ಹೊರಟರೆ, ಎಷ್ಟು ಅಚ್ಚುಕಟ್ಟಾದ ಯಂತ್ರವೂ ಕರೆಂಟ್ ಹೋದಾಗ ಸುಮ್ಮನೆ ಕೂರುತ್ತದೆ. ಆ ಸಾಲಿನ ಪಕ್ಕ ಗ್ರಾಹಕರ ಸಹಿ ಬೀಳದೆ ನಮ್ಮವರು ಜಾಗ ಬಿಟ್ಟು ಕದಲುವುದಿಲ್ಲ. ನಾನು ಆಸ್ಪತ್ರೆಯಲ್ಲಿದ್ದಾಗ ಕೆಲಸ ನಡೆಸಿದ್ದು ಈ ಹಾಳೆ. ಅದನ್ನು ಬರೆಸಿದ್ದು ಆ ಹುಡುಗನ ‘ಯಾಕೆ’. ಈಗ ಹೊಸಬರಿಗೆ ಅವನೇ ಕಲಿಸುತ್ತಾನೆ. ಅವರು ‘ಯಾಕೆ’ ಎಂದರೆ ಅವನಿಗೂ ಮೈ ಉರಿಯುತ್ತದೆ ಎಂದು ಕೇಳಿ ನಕ್ಕೆ.

ದೂರದ ದೊಡ್ಡ ಒಪ್ಪಂದಗಳಿಗೆ ‘ಆಗುವುದಿಲ್ಲ’ ಎನ್ನಲು ನನ್ನನ್ನು ಒಪ್ಪಿಸಿದವನೂ ಅವನೇ. ಒಂದು ಗಂಟೆಯೊಳಗೆ ತಲುಪಲಾಗದ ಕಡೆ ಸರ್ವಿಸ್ ಒಪ್ಪಿಕೊಂಡರೆ ಮಾತು ಉಳಿಸಿಕೊಳ್ಳುವುದು ಕಷ್ಟ. ಹತ್ತಿರದಲ್ಲೇ ಗ್ರಾಹಕರು ಹೆಚ್ಚಿದ ಮೇಲೆ ಓಡಾಟ ತಗ್ಗಿತು, ಅಷ್ಟೇ ಜನರಿಂದ ಹೆಚ್ಚು ಕೆಲಸವಾಯಿತು.

ಮಾಜಿ ಸೈನಿಕ ಎಂದ ಕೂಡಲೇ ಕಾವಲುಗಾರನ ಕೆಲಸ ಕೊಡಲು ಬಂದ ಹಿತೈಷಿಗಳನ್ನೂ ನೆನೆಯುತ್ತೇನೆ. ಅದು ಗೌರವದ ಕೆಲಸವೇ, ನನಗೆ ಒಗ್ಗುವಂಥದ್ದಲ್ಲ. ಸೈನಿಕ ಎಂಬ ಹೆಸರು ಮೊದಲ ಬಾರಿ ಬಾಗಿಲು ತೆರೆಸುತ್ತದೆ ಎಂಬುದೂ ನಿಜ. ಎರಡನೆಯ ಸಲ ಜನ ಎಂಜಿನ್ ನೋಡುತ್ತಾರೆ.

ಭಾರ ಎತ್ತಬಾರದೆಂದು ವೈದ್ಯರು ಹೇಳಿರುವುದರಿಂದ ರಾತ್ರಿ ಕರೆಗಳ ಹೊಣೆ ಇನ್ನೂ ಕೆಲಕಾಲ ಹುಡುಗರದೇ. ಅದಕ್ಕೆ ತಕ್ಕಂತೆ ಅವರ ಭತ್ಯೆಯನ್ನು ಹೆಚ್ಚಿಸಿದ್ದೇವೆ. ಸೇನೆಯಿಂದ ಬಿಡುಗಡೆಯಾಗಿ ಈ ಕೆಲಸ ಕಲಿಯಬೇಕೆನ್ನುವವರು ಬಂದರೆ ಅವರ ಜೊತೆ ಕೂತು ಆ ಹಾಳೆಯ ಒಂದೊಂದು ಸಾಲನ್ನೂ ವಿವರಿಸಲು ಈಗ ನನಗೆ ಬಿಡುವಿದೆ. ಪ್ರಶ್ನೆ ಕೇಳುವವರಾದರೆ ಇನ್ನೂ ಒಳ್ಳೆಯದು.